ಬಿಟ್‌ಲಾಕರ್ ಕೀ: ಬೀಗ ಬೀಳುವ ಮೊದಲೇ ತೆಗೆದಿಡಿ

ಮದರ್‌ಬೋರ್ಡ್ ಬದಲಾಯಿಸಿದ ಮೇಲೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ತಮ್ಮ ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗವಿದೆ ಎಂದು ಹಲವರಿಗೆ ತಿಳಿಯುವುದೇ ಆಗ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಶನ್, ಅಂದರೆ ಈ ಬೀಗ, ಸಾಮಾನ್ಯವಾಗಿ ತಾನಾಗಿಯೇ ಆನ್ ಆಗಿಬಿಡುತ್ತದೆ. ಕೀ ಇಲ್ಲದೆ ಫೈಲ್ ತೆಗೆದುಕೊಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗೆ ದುಡ್ಡು ಸುರಿಯಬೇಡಿ, ಅದು ಆಗುವ ಮಾತಲ್ಲ.

ಮೊದಲು ಸ್ಟಾರ್ಟ್ ಮೆನುವಿನಲ್ಲಿ ಬಿಟ್‌ಲಾಕರ್ ಎಂದು ಹುಡುಕಿ, ರಿಕವರಿ ಕೀ ಬ್ಯಾಕಪ್ ಒತ್ತಿ, ಪ್ರಿಂಟ್ ತೆಗೆಯಿರಿ.

ಎಡವುವುದು ಮುಂದಿನ ಹಂತದಲ್ಲಿ. ಆ ಹಾಳೆಯಲ್ಲಿ ಎರಡು ಉದ್ದದ ಸಾಲುಗಳಿರುತ್ತವೆ. ಅಕ್ಷರ, ಅಂಕಿ ಬೆರೆತದ್ದು ಕೀ ಐಡಿ. ಅದು ಬೀಗ ತೆಗೆಯುವುದಿಲ್ಲ. ಬರೀ ಅಂಕಿಗಳಿರುವುದು, ಆರಾರು ಅಂಕಿಯ ಎಂಟು ಗುಂಪು, ಅದೇ ಕೀ. ಐಡಿಯನ್ನಷ್ಟೇ ಬರೆದುಕೊಂಡು ನಿಶ್ಚಿಂತರಾದವರು ಬಹಳ. ಆದರೂ ಐಡಿಯ ಮೊದಲ ಎಂಟು ಅಕ್ಷರ ಬೇಕೇ ಬೇಕು: ಒಂದೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಕೀಗಳೂ ಉಳಿದಿರುತ್ತವೆ, ನೀಲಿ ಪರದೆಯ ಐಡಿಗೆ ತಾಳೆಯಾಗುವ ಕೀ ಮಾತ್ರ ನಡೆಯುತ್ತದೆ.

ಕೈಯಲ್ಲಿ ಬರೆದಿದ್ದರೆ ಪರೀಕ್ಷೆ ಸುಲಭ. ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು. 135795 ಸರಿ. ನಡುವಿನ 5, 7 ಅದಲುಬದಲಾಗಿ 137595 ಎಂದಾದರೆ ಭಾಗವಾಗದು, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಎಂಟೂ ಗುಂಪು ಲೆಕ್ಕಹಾಕಿ, ಐದು ನಿಮಿಷದ ಕೆಲಸ.

ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೂ ಕೀ ಇದೆಯೇ ನೋಡಿ. ಲ್ಯಾಪ್‌ಟಾಪ್ ಮೊದಲು ಸೆಟ್ ಮಾಡಿದ್ದು ಮಗನೋ ಅಂಗಡಿಯವನೋ ಆದರೆ ಅದು ಅವರ ಖಾತೆಯಲ್ಲಿ ಕೂತಿರಬಹುದು.

ಹಾಳೆಯ ಒಂದು ಪ್ರತಿ ಮನೆಪತ್ರಗಳ ಜೊತೆ, ಇನ್ನೊಂದು ಬೇರೆ ಊರಿನ ನಂಬಿಕಸ್ಥರ ಬಳಿ ಇರಲಿ. ಮೊಬೈಲಿನಲ್ಲಿ ಫೋಟೊ ಬೇಡವೇ ಬೇಡ. ಕೀ ಇರುವ ಪೆನ್‌ಡ್ರೈವ್ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇದ್ದರೆ ಕಳ್ಳನಿಗೆ ಬೀಗದ ಜೊತೆ ಬೀಗದಕೈಯನ್ನೂ ಕೊಟ್ಟಂತೆ.

ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಆದಾಗಲೂ ಅದೇ ನೀಲಿ ಪರದೆ ಬರಬಹುದು, ಅದಕ್ಕೆ ಮುನ್ನ ವಿಂಡೋಸ್ ಪ್ರೊ ಆವೃತ್ತಿಯವರು ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿ. ರೀಸ್ಟಾರ್ಟ್ ಆದ ಮೇಲೆ ಮತ್ತೆ ಚಾಲೂ ಆಗಿದೆಯೇ ಖಚಿತಪಡಿಸಿಕೊಳ್ಳಿ. ಹೋಮ್ ಆವೃತ್ತಿಯವರು ಹಾಳೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂರಿ.