ಕೆಸರಿನ ಕೆಳಗಿನ ಮೊದಲ ಸಾವಿರ ಮೀಟರ್

ಇಂಡೊನೇಷ್ಯಾದ ಪೂರ್ವ ಕಾಲಿಮಂತಾನ್‌ನಲ್ಲಿ ಮಹಾಕಾಮ್ ನದಿಯ ಮುಖಜಭೂಮಿಯ ಹೊರ ಅಂಚಿನುದ್ದಕ್ಕೂ ತುನು ಎಂಬ ಅನಿಲ ಕ್ಷೇತ್ರ ಹಬ್ಬಿದೆ. 1977ರಲ್ಲಿ ಪತ್ತೆಯಾಗಿ 1990ರಲ್ಲಿ ಉತ್ಪಾದನೆ ಆರಂಭಿಸಿದ ಈ ಕ್ಷೇತ್ರದ ಅನಿಲವು ಬೊಂಟಾಂಗ್‌ನ ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಸ್ಥಾವರಕ್ಕೆ ಹೋಗುತ್ತಿತ್ತು. ಇಲ್ಲಿ ಅನಿಲವು ಒಂದೇ ದೊಡ್ಡ ಪದರದಲ್ಲಿಲ್ಲ. ಪ್ರಾಚೀನ ನದಿಯು ತಂದು ಹರಡಿದ ಮರಳು ಚಿಕ್ಕ ಚಿಕ್ಕ ತುಣುಕುಗಳಾಗಿ, ನಡುನಡುವೆ ಜೇಡಿ ಮತ್ತು ಕಲ್ಲಿದ್ದಲಿನ ಪದರಗಳನ್ನಿಟ್ಟುಕೊಂಡು, ಒಂದರ ಮೇಲೊಂದು ಪೇರಿಕೊಂಡಿದೆ; ಆ ತುಣುಕುಗಳಲ್ಲಿ ಅನಿಲ ಹಂಚಿಹೋಗಿದೆ. ಹೀಗಾಗಿ ಕೆಲವೇ ಬಾವಿಗಳಿಂದ ಇಡೀ ಕ್ಷೇತ್ರವನ್ನು ಬರಿದು ಮಾಡಲಾಗದು; ನೂರಾರು ಬಾವಿಗಳು ಬೇಕು. ಅಂಥ ಬಾವಿಗಳಿಗೆ ಜಾಗ ಗೊತ್ತುಮಾಡಿ, ಅವುಗಳ ಮೇಲ್ಭಾಗದ ಕೊರೆತವನ್ನು ಯೋಜಿಸುವುದು ಕೆಲವು ವರ್ಷ ನನ್ನ ಕೆಲಸವಾಗಿತ್ತು.

ನೀರಿನ ಆಳ ಕೆಲವೇ ಮೀಟರ್ ಇರುವಲ್ಲಿ ಆಳ ಸಮುದ್ರದ ರಿಗ್ (ಬಾವಿ ಕೊರೆಯುವ ಯಂತ್ರನೆಲೆ) ಬರುವಂತಿಲ್ಲ. ಸ್ವಾಂಪ್ ಬಾರ್ಜ್ ಎಂಬ ಚಪ್ಪಟೆ ತಳದ ರಿಗ್ಗನ್ನು ಉಬ್ಬರದ ವೇಳೆಯಲ್ಲಿ ಟಗ್‌ಗಳಿಂದ ಎಳೆದು ತಂದು, ಅದರ ಟ್ಯಾಂಕುಗಳಿಗೆ ನೀರು ತುಂಬಿ ತಳದ ಮೇಲೆ ಕೂರಿಸುತ್ತೇವೆ. ತಳದ ಕೆಸರು ಮೆತ್ತಗಿದ್ದು ಬಾರ್ಜ್ ಒಂದು ಮಗ್ಗುಲಿಗೆ ವಾಲುವಂತಿದ್ದರೆ ಮೊದಲೇ ಜಲ್ಲಿಯ ಹಾಸು ಹಾಕಬೇಕಾಗುತ್ತದೆ. ಹೂಳೆತ್ತಿ ತೋಡಿದ ಕಾಲುವೆಯನ್ನು ನದಿ ಮತ್ತೆ ತುಂಬುತ್ತಲೇ ಇರುತ್ತದೆ. ಒಮ್ಮೆ ಎರಡು ವಾರ ಹಳೆಯದಾದ ಆಳದ ಅಳತೆಯನ್ನು ನಂಬಿ ನಾನು ಒಪ್ಪಿಗೆ ಕೊಟ್ಟಿದ್ದರಿಂದ ಬಾರ್ಜ್ ಕಾಲುವೆಯ ಬಾಯಲ್ಲೇ ನೆಲಕಚ್ಚಿತು, ಮುಂದಿನ ದೊಡ್ಡ ಉಬ್ಬರದವರೆಗೆ ಕಾಯಬೇಕಾಯಿತು. ಆಮೇಲೆ ಎಳೆಯುವ ದಿನ ಬೆಳಿಗ್ಗೆಯೇ ಆಳ ಅಳೆಯಿಸದೆ ನಾನು ಸಹಿ ಹಾಕಿದ್ದಿಲ್ಲ.

ಇಷ್ಟಾದರೂ ಬಾರ್ಜ್ ಕೂರಿಸುವುದು ಸುಲಭದ ಭಾಗ. ನನ್ನ ನಿದ್ದೆ ಕೆಡಿಸುತ್ತಿದ್ದದ್ದು ಕೆಸರಿನ ಕೆಳಗಿನ ಮೊದಲ ಸಾವಿರ ಮೀಟರ್. ಮುಖ್ಯ ಅನಿಲ ಅದಕ್ಕಿಂತ ಬಹಳ ಆಳದಲ್ಲಿದ್ದರೂ, ಮೇಲಿನ ಸಡಿಲ ಮರಳಿನಲ್ಲಿಯೂ ಅಲ್ಲಲ್ಲಿ ಅನಿಲದ ಸಣ್ಣ ಗುಳಿಗಳಿವೆ. 600 ಮೀಟರ್ ಆಳದಲ್ಲಿ ಒತ್ತಡ ಸುಮಾರು 60 ಬಾರ್ ಇರುತ್ತದೆ; ಅಲ್ಲಿಂದ ಬಾವಿಯೊಳಗೆ ನುಸುಳಿದ ಅನಿಲ ಮೇಲೆ ಬರುವಷ್ಟರಲ್ಲಿ ಸರಿಸುಮಾರು 60 ಪಟ್ಟು ಹಿಗ್ಗುತ್ತದೆ, ಆ ದಾರಿಗೆ ನಿಮಿಷಗಳು ಸಾಕು. ಆಳದ ಬಾವಿಯಲ್ಲಾದರೆ ಬ್ಲೋಔಟ್ ಪ್ರಿವೆಂಟರ್ ಎಂಬ, ಬಾವಿಯ ಬಾಯಿ ಬಿಗಿಯುವ ಕವಾಟವನ್ನು ಮುಚ್ಚಿಬಿಡಬಹುದು. ಇಲ್ಲಿ ಮುಚ್ಚಿದರೆ ಸುತ್ತಲಿನ ಎಳೆಯ ನೆಲವೇ ಬಿರಿದು, ಅನಿಲವು ಬಾವಿಯ ಮೇಲ್ತುದಿಯಲ್ಲಿ ಹೂತ ಕಂಡಕ್ಟರ್ ಪೈಪಿನ ಪಕ್ಕದಿಂದ ನುಗ್ಗಿ, ಬಾರ್ಜ್ ಕೂತಿರುವ ತಳವನ್ನೇ ಕುಳಿ ಮಾಡಬಹುದು. ಆದ್ದರಿಂದ ಅನಿಲವನ್ನು ತಡೆಯದೆ, ಹರಿವನ್ನು ಪಕ್ಕಕ್ಕೆ ತಿರುಗಿಸುವ ಡೈವರ್ಟರ್‌ನ ದಪ್ಪ ಕೊಳವೆಗಳ ಮೂಲಕ ಗಾಳಿ ಬೀಸಿಕೊಂಡು ಹೋಗುವ ಕಡೆಗೆ ಹೊರಬಿಟ್ಟು, ಬಾವಿಗೆ ಪಂಪುಗಳ ಪೂರ್ಣ ವೇಗದಲ್ಲಿ ಮಡ್ (ಕೊರೆಯುವಾಗ ಬಾವಿಯಲ್ಲಿ ಹರಿಸುವ ಕೆಸರಿನಂಥ ಭಾರದ ದ್ರವ) ನುಗ್ಗಿಸಬೇಕು. ಅಗಲವಾದ ಬಾವಿಯಲ್ಲಿ ಹೀಗೆ ಅನಿಲವನ್ನು ಮಣಿಸುವುದು ಕಷ್ಟವಾದ್ದರಿಂದ, ಗುಮಾನಿ ಇದ್ದಲ್ಲೆಲ್ಲ ನಾನು ಮೊದಲು 8½ ಇಂಚಿನ ಕಿರಿದಾದ ಪೈಲಟ್ ಬಾವಿ ಕೊರೆಸಿ, ಅಪಾಯವಿಲ್ಲವೆಂದು ತಿಳಿದ ಮೇಲೆ ಅಗಲ ಮಾಡಿಸುತ್ತಿದ್ದೆ.

ಗುಮಾನಿ ಎಲ್ಲಿ ಪಡಬೇಕೆಂಬುದೇ ಅಸಲಿ ಪ್ರಶ್ನೆ. ಸೈಸ್ಮಿಕ್ ಚಿತ್ರದಲ್ಲಿ, ಅಂದರೆ ನೆಲದೊಳಕ್ಕೆ ಕಳಿಸಿದ ಶಬ್ದತರಂಗದ ಪ್ರತಿಫಲನದಿಂದ ಮೂಡುವ ಚಿತ್ರದಲ್ಲಿ, ಅನಿಲ ತುಂಬಿದ ಮರಳು ಹೊಳೆಯುವ ಮಚ್ಚೆಯಾಗಿ ಕಾಣುತ್ತದೆ ಎಂದು ನಾವು ಕಲಿತಿರುತ್ತೇವೆ. ಮಹಾಕಾಮ್‌ನಲ್ಲಿ ಕಲ್ಲಿದ್ದಲು ಕೂಡ ಅಷ್ಟೇ ಹೊಳೆಯುತ್ತದೆ, ಏಕೆಂದರೆ ಅದೂ ಹಗುರ, ಅದರಲ್ಲೂ ಶಬ್ದತರಂಗ ನಿಧಾನವಾಗಿ ಸಾಗುತ್ತದೆ. ಹೊಳೆದದ್ದನ್ನೆಲ್ಲ ದೂರವಿಟ್ಟರೆ ಕೊರೆಯಲು ಜಾಗವೇ ಉಳಿಯುವುದಿಲ್ಲ. ತರಂಗದ ಮೂಲಕ್ಕೂ ಗ್ರಾಹಕಕ್ಕೂ ಇರುವ ಅಂತರ ಹೆಚ್ಚಿದಂತೆ ಅನಿಲದ ಪ್ರತಿಫಲನ ಸಾಮಾನ್ಯವಾಗಿ ಬಲಗೊಳ್ಳುತ್ತದೆ, ಕಲ್ಲಿದ್ದಲಿನದು ಕುಂದುತ್ತದೆ. ಆದ್ದರಿಂದ ಸಮೀಪದ ಮತ್ತು ದೂರದ ದತ್ತಾಂಶಗಳನ್ನು ಕೂಡಿಸದೆ ಪ್ರತ್ಯೇಕವಾಗಿಟ್ಟು ಹೋಲಿಸುವುದನ್ನು ರೂಢಿ ಮಾಡಿಕೊಂಡೆ. ಈ ಹೋಲಿಕೆಯೂ ನಿಖರವಲ್ಲ. ತೆಳುವಾದ ಕಲ್ಲಿದ್ದಲಿನ ಕೆಳಗೇ ತೆಳುವಾದ ಅನಿಲ ಮರಳಿದ್ದರೆ ಎರಡೂ ಬೆರೆತು ಒಂದೇ ಮಚ್ಚೆಯಾಗುತ್ತವೆ, ಆಗ ಕಣ್ಣಿಗಿಂತ ಪಕ್ಕದ ಬಾವಿಗಳ ದಾಖಲೆಯೇ ಹೆಚ್ಚು ನೆರವಾಗುತ್ತದೆ.

ಒಂದು ಬಾವಿಯಲ್ಲಿ ಅಂಥ ಮಚ್ಚೆಯನ್ನು ಕಲ್ಲಿದ್ದಲು ಎಂದು ಬರೆದುಕೊಟ್ಟವನು ನಾನೇ. ಕೊರೆತದವರು ಅದನ್ನು ನಂಬಿ ವೇಗವಾಗಿ ಕೊರೆದರು. ಕೊರೆದ ಕಲ್ಲುಮಣ್ಣಿನ ಪುಡಿ ಹೆಚ್ಚಾಗಿ ಮಡ್‌ನ ತೂಕ ಏರಿತು, ಮೆತ್ತಗಿನ ನೆಲ ಅದನ್ನು ತಾಳದೆ ಬಿರಿದು ಮಡ್ಡನ್ನು ಕುಡಿಯತೊಡಗಿತು, ಬಾವಿಯಲ್ಲಿ ಮಡ್‌ನ ಮಟ್ಟ ಇಳಿಯಿತು, ಆ ಇಳಿಕೆಯಿಂದಾಗಿ ತಳದ ಒತ್ತಡ ತಗ್ಗಿ ಅನಿಲ ಒಳನುಗ್ಗಿತು. ಪೈಲಟ್ ಬಾವಿ ಕಿರಿದಾಗಿದ್ದರಿಂದ, ಡೈವರ್ಟರ್‌ನ ಬಳಿಯಿದ್ದವರು ತಡಮಾಡದೆ ಇದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಭಾರದ ಮಡ್ ಇದ್ದರೆ ಕ್ಷೇಮ ಎಂಬ ನಂಬಿಕೆ ಇಂಥ ನೆಲದಲ್ಲಿ ಅಪಾಯಕಾರಿ ಎಂದು ನಾನು ಅಂದು ತಿಳಿದೆ. ಅಂದಿನಿಂದ ಮೇಲ್ಭಾಗದಲ್ಲಿ ಕೊರೆತದ ವೇಗಕ್ಕೆ ಮಿತಿ ಹಾಕಿದೆ, ಪೈಪ್ ಮೇಲೆತ್ತುವಾಗ ಅದು ಪಿಚಕಾರಿಯಂತೆ ಅನಿಲವನ್ನು ಎಳೆದುಕೊಳ್ಳದಿರಲಿ ಎಂದು ಪಂಪ್ ಮಾಡುತ್ತಲೇ ಎತ್ತಿಸಿದೆ. ಸಮಯ ವ್ಯರ್ಥವಾಗುತ್ತದೆ ಎಂಬ ಆಕ್ಷೇಪಕ್ಕೆ ನಾನು ಮಣಿಯಲಿಲ್ಲ.

ಆಳದ ಪದರಗಳ ಒತ್ತಡ ತಗ್ಗುತ್ತಾ ಬಂದಂತೆ, ಅದುವರೆಗೆ ದೂರವಿಡುತ್ತಿದ್ದ ಈ ಮೇಲಿನ ಅನಿಲವನ್ನೇ ಉತ್ಪಾದಿಸುವ ಕೆಲಸ ಶುರುವಾಯಿತು. ಅಪಾಯವೆಂದು ಕೆಂಪು ಬಳಿದ ನನ್ನ ನಕ್ಷೆಗಳು ಗುರಿಯ ನಕ್ಷೆಗಳಾದವು. ಇಲ್ಲಿಯ ತೊಡಕು ಬೇರೆ: ಸಡಿಲ ಮರಳು ಅನಿಲದೊಂದಿಗೆ ಹೊರಟು ಬಂದು ಪೈಪಿನ ಬಾಗುಗಳನ್ನು ಸವೆಸುತ್ತದೆ. ಗ್ರಾವೆಲ್ ಪ್ಯಾಕ್, ಅಂದರೆ ಬಾವಿಯೊಳಗೆ ಜಲ್ಲಿಯ ಸೋಸುಪದರ ಹಾಕಿ ಮರಳನ್ನು ಹಿಡಿದಿಟ್ಟು, ಹರಿವನ್ನು ಒಮ್ಮೆಗೇ ತೆರೆಯದೆ ಹಂತಹಂತವಾಗಿ ಏರಿಸುತ್ತಿದ್ದೆವು. ಪ್ರತಿ ಹಂತದಲ್ಲೂ ಪೈಪಿಗೆ ಕಟ್ಟಿದ ಮರಳು ಪತ್ತೆಯ ಸಾಧನದ ಸದ್ದು ಸ್ಥಿರವಾಗುವವರೆಗೆ ಕಾದು, ಆಮೇಲೆ ಮಾತ್ರ ಮುಂದಿನ ಹಂತಕ್ಕೆ ಚೋಕ್ ಎಂಬ ಹರಿವು ನಿಯಂತ್ರಿಸುವ ಕವಾಟವನ್ನು ತಿರುಗಿಸುತ್ತಿದ್ದೆವು.