ಕಾಯಿ ಸೀಯಬೇಕು, ಅದೇ ಅಡುಗೆ

ಫಿಲಿಪ್ಪೀನ್ಸಿನ ಜಾಂಬೊವಾಂಗಾದಲ್ಲಿ ನಾವಿದ್ದಾಗ ಪಕ್ಕದ ಮನೆಯವರು ತೌಸುಗ್ ಜನ, ಸುಲು ದ್ವೀಪಗಳ ಕಡೆಯವರು. ಆ ಮನೆಯ ಹಿರಿಯ ಹೆಂಗಸನ್ನು ಎಲ್ಲರೂ ‘ಬಾಬು’ ಅನ್ನುತ್ತಿದ್ದರು. ತೌಸುಗ್ ಮಾತಿನಲ್ಲಿ ಹಾಗಂದರೆ ಚಿಕ್ಕಮ್ಮ, ಅತ್ತೆ. ನಮ್ಮಲ್ಲಿ ಬಾಬು ಗಂಡಸಿನ ಹೆಸರು ಅಲ್ವಾ, ಮೊದಮೊದಲು ಹಾಗೆ ಕರೆಯೋಕೆ ನಾಲಿಗೆ ಹೊರಳುತ್ತಿರಲಿಲ್ಲ.

ತಿಯುಲಾ ಇತುಮ್ ಕಲಿತದ್ದು ಅವರ ಹತ್ತಿರ. ‘ಇತುಮ್’ ಅಂದರೆ ಕಪ್ಪು. ಮದುವೆ, ಹಬ್ಬಕ್ಕೆ ಮಾಡುವ ಮಾಂಸದ ಸಾರು ಇದು. ಸಾಮಾನ್ಯವಾಗಿ ದನದ ಮಾಂಸ ಹಾಕುತ್ತಾರೆ, ನಾನು ಕೋಳಿ ಹಾಕಿದೆ. ಕಪ್ಪು ಬರುವುದು ಸುಟ್ಟ ತೆಂಗಿನಕಾಯಿಯಿಂದ.

ಮೊದಲ ಸಲ ಕಾಯಿ ಹೋಳು ಕೆಂಪಾದ ಕೂಡಲೇ ಕೆಂಡದಿಂದ ತೆಗೆದುಬಿಟ್ಟೆ. ಏನು ಮಾಡಲಿ, ಸೀದ ವಾಸನೆ ಬಂದರೆ ಅಮ್ಮನಿಂದ ಬೈಸಿಕೊಂಡು ಬೆಳೆದವಳು. ಸಾರು ನಮ್ಮ ಮನೆಯ ಕೋಳಿ ಸಾರಿನ ಹಾಗೇ ಆಯಿತು. ಬಾಬು ಪಾತ್ರೆಯೊಳಗೆ ಇಣುಕಿ “ಇತುಮ್?” ಎಂದು ನಕ್ಕರು.

ಎರಡನೇ ಸಲ ಕೈಕಟ್ಟಿ ನಿಂತೆ. ಹೋಳುಗಳು ಇದ್ದಿಲಾಗಿ, ಮುಟ್ಟಿದರೆ ಬೆರಳಿಗೆ ಮಸಿ ಹತ್ತುವ ತನಕ ಕಾದೆ. ಅದನ್ನು ಕುಟ್ಟಿ ನುಣ್ಣಗೆ ಮಾಡಿ ಅರಿಶಿನ, ಶುಂಠಿ, ಬೆಳ್ಳುಳ್ಳಿ, ಈರುಳ್ಳಿ, ಮೆಣಸಿನಕಾಯಿ ಸೇರಿಸಿದೆ. ಜೊತೆಗೆ ಶುಂಠಿ ಜಾತಿಯದೇ ಆದ ಲಂಕುವಾಸ್ ಗಡ್ಡೆ. ಈ ಕಪ್ಪು ಮಸಾಲೆಯೇ ‘ಪಮಾಪಾ’. ಮಾಂಸಕ್ಕೆ ಮೆತ್ತಿ, ಎಣ್ಣೆಯಲ್ಲಿ ಬಾಡಿಸಿ, ಜಜ್ಜಿದ ಮಜ್ಜಿಗೆ ಹುಲ್ಲು ಮತ್ತು ನೀರು ಹಾಕಿ ಬೇಯಿಸಿದೆ. ಕಹಿಯಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಹೊಗೆಯ ಘಮ, ಹಿಂದೆಯೇ ಶುಂಠಿಯ ಖಾರ.

ಅಡುಗೆಮನೆಯಲ್ಲೇ ಒಂದು ವ್ಯಾಕರಣವೂ ಸಿಕ್ಕಿತು. ‘ತುಲಾ’ ಅಂದರೆ ನೀರಲ್ಲಿ ಬೇಯಿಸು. ಮೊದಲ ಅಕ್ಷರದ ಮಧ್ಯೆ ‘ಇಯ್’ ತೂರಿಸಿದರೆ ‘ತಿಯುಲಾ’, ಬೇಯಿಸಿದ್ದು. ‘ಪಾಂಗಾಂಗ್’ ಅಂದರೆ ಕೆಂಡದಲ್ಲಿ ಸುಡು, ಹಾಗಾಗಿ ಸುಟ್ಟ ಕೋಳಿ ‘ಪಿಯಾಂಗಾಂಗ್ ಮನೂಕ್’. ಅದಕ್ಕೂ ಇದೇ ಕರಕಲು ಕಾಯಿ. ‘ಕಾವುನ್’ ತಿನ್ನು, ‘ಕಿಯಾವುನ್’ ತಿಂದಾಯಿತು. ನಮ್ಮ ಹಾಗೆ ಕೊನೆಗೆ ಪ್ರತ್ಯಯ ಅಂಟಿಸುವುದಲ್ಲ, ಪದದ ಹೊಟ್ಟೆಯೊಳಗೇ ಹೊಗಿಸುವುದು.

ಊಟವಾದ ಮೇಲೆ ಕಾಫಿ, ಅವರ ‘ಕಹಾವಾ’. ಕುಡಿದು ಮುಗಿಸಿ ‘ಮಗ್ಸುಕುಲ್’, ಅಂದರೆ ಧನ್ಯವಾದ, ಅಂದೆ. ಅಷ್ಟಕ್ಕೆ ಸುಮ್ನಿರದೆ ಜಂಬದಿಂದ ‘ಕಿಯಹಾವಾ’ ಅಂತಲೂ ಸೇರಿಸಿದೆ. ಬಾಬುವಿನ ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ನಾವು ಊರು ಬಿಡುವ ತನಕ ಅವರಿಗೆ ನಾನು ‘ಬಾಬು ಕಿಯಹಾವಾ’ನೇ.