ಇಂಗ್ಲೆಂಡಿಗೆ ಬಂದ ಹೊಸಬರಿಗೆ: ಐದು ವರ್ಷದೊಳಗಿನ ಮಕ್ಕಳಿದ್ದರೆ

ಇಲ್ಲಿರುವುದು ಇಂಗ್ಲೆಂಡಿನ ನಿಯಮ. ಸ್ಕಾಟ್ಲೆಂಡ್, ವೇಲ್ಸ್ ಲೆಕ್ಕ ಬೇರೆ.

ಜಿಪಿ, ಲಸಿಕೆ

ಮನೆ ಸಿಕ್ಕ ವಾರವೇ ಮಗುವಿನ ಹೆಸರನ್ನು ಜಿಪಿ (ಇಲ್ಲಿನ ಕುಟುಂಬ ವೈದ್ಯರು) ಹತ್ತಿರ ಬರೆಸಿ. ತಾಯಿ ಕಾರ್ಡ್ ಅಥವಾ ಆಸ್ಪತ್ರೆಯ ಲಸಿಕೆ ಪುಸ್ತಕ ಜೊತೆಗಿರಲಿ; "ಎಲ್ಲ ಹಾಕಿಸಿದೀವಿ" ಅಂದರೆ ನಡೆಯುವುದಿಲ್ಲ. ಊರಲ್ಲಿ 9 ತಿಂಗಳಿಗೆ ಹಾಕಿಸಿದ ಎಂಆರ್ (ದಡಾರ, ರುಬೆಲ್ಲಾ ಲಸಿಕೆ) ಇಲ್ಲಿ ಲೆಕ್ಕಕ್ಕಿಲ್ಲ. ವರ್ಷ ತುಂಬುವ ಮೊದಲು ಕೊಟ್ಟ ದಡಾರ ಲಸಿಕೆಯನ್ನು ಇವರು ಎಣಿಸುವುದಿಲ್ಲ, ಅದರಲ್ಲಿ ಮಂಗನಬಾವಿನದೂ ಇರುವುದಿಲ್ಲ. ಮತ್ತೆ ಹಾಕುತ್ತಾರೆ, ಜಗಳ ಬೇಡ.

ಮಗು ಇಲ್ಲೇ ಹುಟ್ಟಿದರೆ ಕ್ಷಯದ ಲಸಿಕೆ ಬಿಸಿಜಿಯನ್ನು ಕೇಳಿ ಹಾಕಿಸಿಕೊಳ್ಳಿ. ಇಲ್ಲಿ ಎಲ್ಲರಿಗೂ ಹಾಕುವುದಿಲ್ಲ. ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿ ಭಾರತದಲ್ಲಿ ಹುಟ್ಟಿದ್ದರೆ ಕೊಡುತ್ತಾರೆ, ಸುಮಾರು 28 ದಿನಕ್ಕೆ.

ನಮ್ಮ ಮಕ್ಕಳ ಬೆನ್ನು, ಕುಂಡಿ ಮೇಲೆ ಹುಟ್ಟಾ ಬರುವ ನೀಲಿ ಮಚ್ಚೆಯನ್ನು ಕೆಂಪು ಪುಸ್ತಕದಲ್ಲಿ (ಮಗುವಿನ ಆರೋಗ್ಯ ದಾಖಲೆ ಅದೇ) ಬರೆಸಲೇಬೇಕು. ನರ್ಸರಿಯವರು ಅದನ್ನು ಪೆಟ್ಟಿನ ಗುರುತು ಅಂದುಕೊಂಡರೆ ಮಕ್ಕಳ ರಕ್ಷಣೆಯ ವಿಚಾರಣೆ ಶುರುವಾಗುತ್ತದೆ.

ಹೆಲ್ತ್ ವಿಸಿಟರ್

ಆಶಾ ಕಾರ್ಯಕರ್ತೆಯ ಹಾಗೆ ಮನೆಗೆ ಬರುತ್ತಾರೆ, ಆದರೆ ಇವರು ತರಬೇತಾದ ನರ್ಸ್ ಅಥವಾ ಮಿಡ್‌ವೈಫ್. ಹುಟ್ಟುವ ಮೊದಲು, ಹುಟ್ಟಿದ 10–14 ದಿನಕ್ಕೆ, 6–8 ವಾರಕ್ಕೆ, ವರ್ಷದ ಹತ್ತಿರ, 2–2½ ವರ್ಷಕ್ಕೆ: ಒಟ್ಟು ಐದು ಭೇಟಿ, ಎಲ್ಲ ಉಚಿತ. ನಡುವೆ ಬಂದವರು ನೀವೇ ಫೋನ್ ಮಾಡಿ ಹೆಸರು ಸೇರಿಸಿ. ಮನೆ ಒರೆಸಿ ಉಪ್ಪಿಟ್ಟು ಮಾಡಿಟ್ಟು ಕಾಯುವುದು ಬೇಡ, ಬಾಣಂತಿಗೆ ನಿದ್ದೆಯಿಲ್ಲ, ಅಳು ಬರುತ್ತೆ ಅಂತ ಇದ್ದದ್ದು ಹೇಳಿ. "ಎಲ್ಲಾ ಚೆನ್ನಾಗಿದೆ" ಅನ್ನುವುದು ನಮ್ಮವರ ಕೆಟ್ಟ ಚಾಳಿ.

ಎರಡು ವರ್ಷದ ಭೇಟಿಗೆ ಮುಂಚೆ ಎಎಸ್‌ಕ್ಯೂ ಎಂಬ ಪ್ರಶ್ನೆಪತ್ರ ಬರುತ್ತದೆ. ಮಾತು, ಓಡಾಟ, ಕೈಬೆರಳಿನ ಕೆಲಸ, ಯೋಚನೆ, ಜನರೊಡನೆ ಬೆರೆಯುವುದು: ಪ್ರತಿಯೊಂದಕ್ಕೂ 6 ಪ್ರಶ್ನೆ. "ಹೌದು"ಗೆ 10, "ಆಗಾಗ"ಗೆ 5, "ಇನ್ನೂ ಇಲ್ಲ"ಕ್ಕೆ 0. ಇದು ಪರೀಕ್ಷೆಯಲ್ಲ, ಫಸ್ಟ್ ಕ್ಲಾಸ್ ಬರಲಿ ಅಂತ ಎಲ್ಲಕ್ಕೂ ಹೌದು ಬರೆದರೆ ಸಹಾಯ ಬೇಕಿದ್ದ ಮಗುವಿಗೆ ಸಹಾಯ ತಪ್ಪುತ್ತದೆ. ಉಲ್ಟಾನೂ ಆಗುತ್ತದೆ. ಚಮಚದಲ್ಲಿ ತಾನೇ ತಿನ್ನುತ್ತದೆಯೇ ಅಂತ ಕೇಳಿದಾಗ, ಫೋನ್ ತೋರಿಸುತ್ತಾ ಅಜ್ಜಿ ತುತ್ತಿಡುವ ಮಗುವಿಗೆ ಸೊನ್ನೆ ಬೀಳುತ್ತದೆ. ಮಗು ಹಿಂದುಳಿದಿಲ್ಲ, ಚಮಚವನ್ನೇ ಕೊಟ್ಟಿಲ್ಲ. ಒಂದು ವಾರ ಮೊಸರನ್ನ, ಚಮಚ ಮುಂದಿಟ್ಟು, ನೆಲಕ್ಕೆ ಹಳೇ ಪೇಪರ್ ಹಾಸಿ, ಆಮೇಲೆ ಟಿಕ್ ಮಾಡಿ.

ಮಾತಿನ ಪ್ರಶ್ನೆಗಳಲ್ಲಿ ಇಂಗ್ಲಿಷ್ ಪದ ಮಾತ್ರ ಎಣಿಸಬೇಡಿ. "ನೀರು", "ಬಾ", "ತಾತ" ಎಲ್ಲವೂ ಪದಗಳೇ. ಮನೆಯಲ್ಲಿ ಕನ್ನಡ ಬಿಡಿ ಅಂತ ಯಾರೇ ಸಲಹೆ ಕೊಟ್ಟರೂ ಕೇಳಬೇಡಿ: ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ನಿಜವಾದ ತೊಂದರೆಯಿದ್ದರೆ ಎರಡೂ ಭಾಷೆಯಲ್ಲಿ ಕಾಣುತ್ತದೆ. ಆಗ ಕಿವಿ ಪರೀಕ್ಷೆ, ಸ್ಪೀಚ್ ಥೆರಪಿಗೆ ಶಿಫಾರಸು ಕೇಳಿ, ಸರದಿ ಉದ್ದ ಇರುತ್ತದೆ. "ಗಂಡುಮಕ್ಕಳಿಗೆ ಮಾತು ತಡ" ಅಂತ ಕಾಯಬೇಡಿ. ಮನೆಭಾಷೆಗೆ ಅವಕಾಶ ಕೊಡಬೇಕು ಅಂತ ಇಲ್ಲಿನ ಶಿಶು ಶಿಕ್ಷಣದ ನಿಯಮವೇ ನರ್ಸರಿಗಳಿಗೆ ಹೇಳುತ್ತದೆ. ಸುಸ್ಸು, ಮಮ್ಮು, ನೀರು, ನೋವು, ಸಾಕು: ಈ ಐದನ್ನು ಅರ್ಥಸಹಿತ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮೊದಲ ದಿನವೇ ಕೊಡಿ.

ನರ್ಸರಿ ಗಂಟೆಗಳು

3–4 ವರ್ಷದ ಎಲ್ಲ ಮಕ್ಕಳಿಗೂ ವಾರಕ್ಕೆ 15 ಗಂಟೆ, ವರ್ಷಕ್ಕೆ 38 ವಾರ ಉಚಿತ. ವೀಸಾ ಯಾವುದಾದರೂ ಸರಿ, ಇದು "ಪಬ್ಲಿಕ್ ಫಂಡ್ಸ್" (ಹಲವು ವೀಸಾಗಳಲ್ಲಿ ಪಡೆಯಬಾರದೆಂದಿರುವ ಸರ್ಕಾರಿ ನೆರವು) ಅಲ್ಲ. ವೀಸಾ ಹೆದರಿಕೆಗೆ ಇದನ್ನು ಬಿಟ್ಟುಕೊಟ್ಟ ನಮ್ಮವರು ಕಡಿಮೆಯಿಲ್ಲ! ಹುಟ್ಟುಹಬ್ಬದ ಮರುದಿನದಿಂದಲ್ಲ, ನಂತರದ ಟರ್ಮ್‌ನಿಂದ: ಜನವರಿ–ಮಾರ್ಚ್‌ನಲ್ಲಿ ಮೂರು ತುಂಬಿದರೆ ಏಪ್ರಿಲ್, ಏಪ್ರಿಲ್–ಆಗಸ್ಟ್ ಆದರೆ ಸೆಪ್ಟೆಂಬರ್, ಸೆಪ್ಟೆಂಬರ್–ಡಿಸೆಂಬರ್ ಆದರೆ ಜನವರಿ.

ದುಡಿಯುವ ಅಪ್ಪ ಅಮ್ಮಂದಿರಿಗೆ 9 ತಿಂಗಳಿಂದಲೇ ಸಿಗುವ 30 ಗಂಟೆ ಬೇರೆ. ಅದಕ್ಕೆ ಇಬ್ಬರಲ್ಲಿ ಒಬ್ಬರಿಗಾದರೂ ಪಬ್ಲಿಕ್ ಫಂಡ್ಸ್ ಪಡೆಯುವ ಹಕ್ಕು ಇರಬೇಕು. ಇಬ್ಬರ ವೀಸಾದಲ್ಲೂ ಇಲ್ಲ ಅಂತಿದ್ದರೆ ಅರ್ಜಿ ಹಾಕಲೇಬೇಡಿ. ಹಕ್ಕಿದ್ದವರು 3 ತಿಂಗಳಿಗೊಮ್ಮೆ ಆನ್‌ಲೈನಿನಲ್ಲಿ ದೃಢೀಕರಿಸಬೇಕು. ಇಬ್ಬರಲ್ಲಿ ಯಾರದೇ ವಾರ್ಷಿಕ ಆದಾಯ 1 ಲಕ್ಷ ಪೌಂಡ್ ದಾಟಿದರೂ ಇಲ್ಲ.

ಡಬ್ಬಿ

- ಶೇಂಗಾ ಚಟ್ನಿಪುಡಿ, ಕಡಲೆಬೀಜ ಹಾಕಿದ ಚಿತ್ರಾನ್ನ ಬೇಡ
- ದ್ರಾಕ್ಷಿ ಉದ್ದಕ್ಕೆ ನಾಲ್ಕು ಸೀಳು
- ಸಸ್ಯಾಹಾರಿಗಳು ಜೆಲಾಟಿನ್, ಮೊಟ್ಟೆ ಬೇಡವೆಂದು ಬರೆದು ಕೊಡಿ

ಶಾಲೆ

4 ತುಂಬಿದ ನಂತರದ ಸೆಪ್ಟೆಂಬರಿಗೆ ರಿಸೆಪ್ಷನ್, ಅಂದರೆ ಶಾಲೆಯ ಮೊದಲ ವರ್ಷ. ಅರ್ಜಿ ಕೌನ್ಸಿಲ್‌ಗೆ (ಸ್ಥಳೀಯ ಆಡಳಿತಕ್ಕೆ), ಅದೇ ವರ್ಷದ ಜನವರಿ 15ರೊಳಗೆ. ಡೊನೇಷನ್ ಇಲ್ಲ, ಪ್ರಭಾವ ನಡೆಯುವುದಿಲ್ಲ.